ಮಗನಿಗೆ ಫ್ರಾನ್ಸ್‌ನಲ್ಲಿ ಫುಟ್ಬಾಲ್ ಲೈಸೆನ್ಸ್ ಮಾಡಿಸಿದ್ದು: ಬೆಂಗಳೂರಿಂದ ಬರೋ ಅಪ್ಪ ಅಮ್ಮಂದಿರಿಗೆ

ಮೊನ್ನೆ ಮಗನ ಫುಟ್ಬಾಲ್ ಲೈಸೆನ್ಸ್ ಓಕೆ ಆಯ್ತು ಅಂತ ಮೇಲ್ ಬಂತು. ಬೇಸಿಗೆ ರಜೆಯಲ್ಲಿ ಶುರುವಾದ ಕೆಲಸ ಇದು, ಮುಗಿಯೋ ಹೊತ್ತಿಗೆ ಇಲ್ಲಿ ಸಂಜೆ ಐದಕ್ಕೆಲ್ಲ ಕತ್ತಲಾಗ್ತಿದೆ. ಕನ್ನಡದಲ್ಲಿ ಇದರ ಬಗ್ಗೆ ಎಲ್ಲಾದ್ರೂ ಬರೆದಿದ್ದಾರಾ ಅಂತ ಎಷ್ಟು ಹುಡುಕಿದೆನೋ, ಏನೂ ಸಿಗಲಿಲ್ಲ, ಇಂಗ್ಲಿಷಲ್ಲಿ ಸಿಕ್ಕಿದ್ದೆಲ್ಲ ದೊಡ್ಡ ಪ್ಲೇಯರ್‌ಗಳ ಟ್ರಾನ್ಸ್‌ಫರ್ ಬಗ್ಗೆ. ಹನ್ನೊಂದು ವರ್ಷದ ಹುಡುಗ ಶನಿವಾರ ಮನೆ ಹತ್ರದ ಗ್ರೌಂಡಲ್ಲಿ ಮ್ಯಾಚ್ ಆಡೋಕೆ ಏನೇನು ಬೇಕು ಅಂತ ಯಾರೂ ಬರೆದಿಲ್ಲ. ಅದಕ್ಕೇ ನೆನಪು ಹಸಿಯಾಗಿರುವಾಗಲೇ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಆದ್ರೆ ಮಕ್ಕಳನ್ನ ಕರ್ಕೊಂಡು ಫ್ರಾನ್ಸ್‌ಗೆ ಬರೋ ಪ್ಲಾನ್ ಇರೋರು ಪೂರ್ತಿ ಓದಿ, ಯಾಕಂದ್ರೆ ಇದರಲ್ಲಿ ಅರ್ಧ ಕೆಲಸ ಊರು ಬಿಡೋಕೆ ಮುಂಚೆನೇ ಮಾಡ್ಕೊಳ್ಳೋದು.

ಮೊದಲು ಈ ಲೈಸೆನ್ಸ್ ಅಂದ್ರೆ ಏನು ಅಂತ ಹೇಳ್ಬಿಡ್ತೀನಿ. ನಮ್ಮಲ್ಲಿ ಮಕ್ಕಳನ್ನ ಅಕಾಡೆಮಿಗೆ ಸೇರಿಸಿ ತಿಂಗಳ ಫೀಸ್ ಕಟ್ಟಿದ್ರೆ ಆಯ್ತು, ಆಡ್ತಾ ಇರ್ತಾರೆ. ಇಲ್ಲಿ ಆರು ವರ್ಷದ ಮಗು ಕ್ಲಬ್ಬಲ್ಲಿ ಆಡ್ಬೇಕಂದ್ರೂ ಫ್ರೆಂಚ್ ಫುಟ್ಬಾಲ್ ಫೆಡರೇಶನ್ನಿನ, ಅಂದ್ರೆ ಎಫ್ಎಫ್ಎಫ್‌ನ ಲೈಸೆನ್ಸ್ ಬೇಕು, ಫ್ರಾನ್ಸಿನ ಸ್ಟಾರ್ ಆಟಗಾರ ಎಂಬಪೆ ಇಲ್ಲಿನ ಕ್ಲಬ್ಬಲ್ಲಿ ಆಡುವಾಗ ಅವರಿಗೂ ಅದೇ, ನಮ್ಮ ಬೀದಿಯಲ್ಲಿರೋ ಮಕ್ಕಳಿಗೂ ಅದೇ. ಜುಲೈ 1ರಿಂದ ಮುಂದಿನ ಜೂನ್ 30ರ ತನಕ ಒಂದು ಸೀಸನ್, ಲೈಸೆನ್ಸ್ ಇರೋದೂ ಒಂದು ಸೀಸನ್ನಿಗೆ. ಅದರೊಳಗೇ ಇನ್ಶೂರೆನ್ಸ್ ಸೇರಿರುತ್ತೆ. ಲೈಸೆನ್ಸ್ ಇಲ್ಲದೆ ಅಫಿಶಿಯಲ್ ಮ್ಯಾಚಲ್ಲಿ ಒಂದು ನಿಮಿಷಾನೂ ಇಳಿಸಲ್ಲ. ಮ್ಯಾಚಿಗೆ ಮುಂಚೆ ಎರಡೂ ಟೀಮಿನ ಕೋಚ್‌ಗಳು ಮೊಬೈಲಲ್ಲಿ ಮಕ್ಕಳ ಲೈಸೆನ್ಸಿನ ಫೋಟೋ ತೆರೆದು ಮುಖ ನೋಡಿ ಚೆಕ್ ಮಾಡ್ತಾರೆ, ಹತ್ತು ವರ್ಷದವರ ಮ್ಯಾಚಲ್ಲೂ.

ನಾವಿರೋದು ಸ್ಯಾಂತ್ವಾನ್‌ನಲ್ಲಿ. ಪ್ಯಾರಿಸ್‌ನ ರಿಂಗ್ ರೋಡ್ ದಾಟಿದ ಕೂಡಲೇ ಉತ್ತರಕ್ಕೆ ಸಿಗೋ ಊರು, ಹಳೇ ಸಾಮಾನಿನ ದೊಡ್ಡ ಸಂತೆ ಇದೆಯಲ್ಲ, ಅದಕ್ಕೆ ಫೇಮಸ್. ಮೆಟ್ರೋ 14 ಇಲ್ಲಿಗೆ 2020ರ ಡಿಸೆಂಬರಲ್ಲಿ ಬಂತು, ನಮ್ಮನೆಯವರ ಆಫೀಸಿಗೆ ಅದೇ ಲೈನ್, ಹಾಗಾಗಿ ಇಲ್ಲಿ ಮನೆ ಮಾಡಿದ್ವಿ. ಮನೆ ನೋಡೋಕೆ ಬಂದ ದಿನವೇ ಮಗ ಗೋಡೆ ಗೋಡೆ ಮೇಲೆ ಹಸಿರು ಬಿಳಿ ಸ್ಟಿಕ್ಕರು, ಮಧ್ಯದಲ್ಲಿ ಕೆಂಪು ನಕ್ಷತ್ರ ನೋಡಿ ಇದೇನು ಅಂತ ಕೇಳಿದ್ದ. ರೆಡ್ ಸ್ಟಾರ್ ಅಂತ, ಈ ಊರಿನ ಕ್ಲಬ್ಬು, ಅದರ ಕಥೆ ಮುಂದೆ ಹೇಳ್ತೀನಿ. ಆದ್ರೆ ಮಗನ್ನ ಸೇರಿಸಿದ್ದು ಅದಕ್ಕಲ್ಲ, ಮನೆಯಿಂದ ನಡ್ಕೊಂಡು ಹೋಗೋ ದೂರದಲ್ಲಿರೋ ಒಂದು ಚಿಕ್ಕ ಕ್ಲಬ್ಬಿಗೆ. ಪಕ್ಕದ ಫ್ಲಾಟಿನ ಅಲ್ಜೀರಿಯಾದವರ ಮಗ ಅಲ್ಲೇ ಆಡ್ತಾನೆ, ಆ ಹುಡುಗನ ತಾಯಿನೇ ಕೈ ಹಿಡಿದು ಕರ್ಕೊಂಡು ಹೋಗಿದ್ದು.

ಈ ಚಿಕ್ಕ ಕ್ಲಬ್‌ಗಳ ಬಗ್ಗೆ ಗೊತ್ತಿರ್ಲಿ, ಇದು ಕಂಪನಿ ಅಲ್ಲ, ಬಿಸಿನೆಸ್ ಅಲ್ಲ. 1901ರ ಒಂದು ಕಾನೂನಿದೆ, ಅದರ ಕೆಳಗೆ ರಿಜಿಸ್ಟರ್ ಆದ ಸಂಘ, ನಮ್ಮೂರಿನ ಯುವಕ ಸಂಘದ ಥರ. ಪ್ರೆಸಿಡೆಂಟ್, ಸೆಕ್ರೆಟರಿ, ಖಜಾಂಚಿ ಎಲ್ಲಾ ಸಂಬಳ ಇಲ್ಲದೆ ದುಡಿಯೋರು. ಗ್ರೌಂಡ್ ಮುನಿಸಿಪಾಲಿಟಿದು. ದೊಡ್ಡವರ ಟೀಮು ಡಿಪಾರ್ಟ್‌ಮೆಂಟ್, ಅಂದ್ರೆ ಜಿಲ್ಲೆ ಲೆವೆಲಲ್ಲಿ ಆಡುತ್ತೆ. ಅಂದ್ರೆ ಮೇಲಿಂದ ಲೆಕ್ಕ ಹಾಕಿ: ಲೀಗ್ 1, ಲೀಗ್ 2, ನ್ಯಾಶನಲ್, ನ್ಯಾಶನಲ್ 2, ನ್ಯಾಶನಲ್ 3, ಆಮೇಲೆ ರೀಜನಲ್ ಮೂರು ಮೆಟ್ಟಿಲು, ಅದಾದ್ಮೇಲೆ ಡಿಪಾರ್ಟ್‌ಮೆಂಟಿನ ಮೆಟ್ಟಿಲುಗಳು. ಅಷ್ಟು ಕೆಳಗೆ. ಆದ್ರೆ ಕಾಗದದ ನಿಯಮ ಮಾತ್ರ ಮೇಲಿನವರಿಗೂ ಕೆಳಗಿನವರಿಗೂ ಒಂದೇ, ನಾವು ಸಿಕ್ಕಾಕೊಂಡಿದ್ದು ಅಲ್ಲೇ.

ಕ್ಲಬ್ ಆಫೀಸ್ ಅಂದ್ರೆ ಗ್ರೌಂಡ್ ಪಕ್ಕ ಇಟ್ಟಿರೋ ಒಂದು ಕಂಟೇನರ್ ರೂಮು. ಗೋಡೆ ಮೇಲೆ ಧೂಳು ಹಿಡಿದ ಕಪ್‌ಗಳು, ಟೀಮ್ ಫೋಟೋಗಳು, ಒಂದು ಮೂಲೆಯಲ್ಲಿ ಬಲೆಚೀಲದಲ್ಲಿ ಬಾಲ್‌ಗಳು, ಕಾಫಿ ಮೆಶಿನ್ ಪಕ್ಕ ಚಿಲ್ಲರೆ ಹಾಕೋಕೆ ಬಿಸ್ಕೆಟ್ ಡಬ್ಬ. ಸೆಕ್ರೆಟರಿ ರಿಟೈರ್ ಆಗಿರೋ ಒಬ್ಬ ಹೆಂಗಸು, ಬುಧವಾರ ಸಂಜೆ ಮಾತ್ರ ಬರ್ತಾರೆ. ಫ್ರಾನ್ಸಲ್ಲಿ ಬುಧವಾರ ಮಕ್ಕಳಿಗೆ ಅರ್ಧ ದಿನವೋ ಪೂರ್ತಿಯೋ ರಜೆ, ಹಾಗಾಗಿ ಸಣ್ಣ ಮಕ್ಕಳ ಪ್ರಾಕ್ಟೀಸ್ ಎಲ್ಲ ಬುಧವಾರವೇ. ನನ್ನ ಫ್ರೆಂಚ್ ಆಗ ಬಹಳ ಕಮ್ಮಿ, ಅವರಿಗೆ ಇಂಗ್ಲಿಷ್ ಬರಲ್ಲ, ಆದ್ರೂ ಅವರು ನಿಧಾನವಾಗಿ ಒಂದೊಂದೇ ಕಾಗದ ತೋರಿಸಿ, ಇಂಥದ್ದು ತನ್ನಿ ಅಂತ ಬರೆದುಕೊಟ್ರು. ಮಗ 2014ರಲ್ಲಿ ಹುಟ್ಟಿದವನು, 2025-26ರ ಸೀಸನ್ನಿಗೆ ಯು12. ಮೈದಾನದ ಅರ್ಧದಲ್ಲಿ ಎಂಟೆಂಟು ಜನ ಆಡೋ ಗುಂಪು, ಹನ್ನೊಂದು ಜನರ ಆಟ ಯು14ರಿಂದ.

ಕೇಳಿದ್ದು ಇಷ್ಟು: ಮಗನ ಪಾಸ್‌ಪೋರ್ಟ್, ನಮ್ಮಿಬ್ಬರ ರೆಸಿಡೆನ್ಸ್ ಕಾರ್ಡ್, ಮೂರು ತಿಂಗಳೊಳಗಿನ ಕರೆಂಟ್ ಬಿಲ್ ಅಥವಾ ಬಾಡಿಗೆ ರಸೀದಿ, ಫೋಟೋ, ಬರ್ತ್ ಸರ್ಟಿಫಿಕೇಟ್, ಮತ್ತೆ ಫೀಸು. ನೋಡೋಕೆ ಸುಲಭ ಅನ್ಸುತ್ತೆ. ಕ್ಲಬ್ಬಿನವರು ಕಂಪ್ಯೂಟರಲ್ಲಿ ಹೆಸರು ಹಾಕಿದ್ರೆ ನಮಗೆ ಒಂದು ಲಿಂಕ್ ಬರುತ್ತೆ, ಅದರಲ್ಲಿ ಎಲ್ಲಾ ತುಂಬಿ, ಸ್ಕ್ಯಾನ್ ಹಾಕಿ, ಕಳಿಸಿದ್ರೆ ಕ್ಲಬ್ ನೋಡಿ ಓಕೆ ಅಂದು ಮೇಲಕ್ಕೆ ಕಳಿಸುತ್ತೆ. ಇಲ್ಲೊಂದು ಮಾತು: ಆ ಲಿಂಕ್ ಹೆಚ್ಚಾಗಿ ಸ್ಪ್ಯಾಮಿಗೆ ಹೋಗುತ್ತೆ, ಪ್ರಮೋಶನ್ ಫೋಲ್ಡರ್ ಸಮೇತ ನೋಡಿ. ಫೋಟೋ ಮೊಬೈಲಲ್ಲಿ ತೆಗೆದದ್ದೇ ನಡೆಯುತ್ತೆ, ಆದ್ರೆ ಟೋಪಿ ಬೇಡ, ಹಿಂದೆ ಬಿಳಿ ಗೋಡೆ ಇರ್ಲಿ.

ಫಾರ್ಮಿನ ಒಳಗೆ ಆರೋಗ್ಯದ ಪ್ರಶ್ನಾವಳಿ ಇರುತ್ತೆ. ಮೊದಲೆಲ್ಲ ಮಕ್ಕಳಿಗೂ ಡಾಕ್ಟರ್ ಸರ್ಟಿಫಿಕೇಟ್ ಕಡ್ಡಾಯ ಇತ್ತಂತೆ, 2021ರಿಂದ ಅದರ ಬದಲು ಅಪ್ಪ ಅಮ್ಮ ಮಗುನ್ನ ಕೂರಿಸ್ಕೊಂಡು ಈ ಪ್ರಶ್ನೆಗಳಿಗೆ ಉತ್ತರ ಕೊಟ್ರೆ ಸಾಕು. ಎಲ್ಲಕ್ಕೂ ಇಲ್ಲ ಅಂತಾದ್ರೆ ಡಾಕ್ಟರ್ ಬೇಕಾಗಿಲ್ಲ, ಒಂದಕ್ಕೆ ಹೌದು ಬಂದ್ರೂ ಸರ್ಟಿಫಿಕೇಟ್ ಬೇಕು. ಅದರಲ್ಲಿ ಒಂದು, ಕಳೆದ ವರ್ಷದಿಂದ ಈಚೆಗೆ ಇಡೀ ದಿನ ಅಥವಾ ಹೆಚ್ಚು ಆಸ್ಪತ್ರೆಯಲ್ಲಿದ್ಯಾ ಅಂತ. ಬೆಂಗಳೂರಲ್ಲಿ ಕಳೆದ ಮಳೆಗಾಲ ಅವನಿಗೆ ಡೆಂಗ್ಯೂ ಆಗಿ ಪ್ಲೇಟ್‌ಲೆಟ್ಸ್ ಇಳಿದು ಅಡ್ಮಿಟ್ ಮಾಡಿದ್ವಿ. ಪಕ್ಕದ ಮನೆಯವರು ಪರವಾಗಿಲ್ಲ ಇಲ್ಲ ಅಂತ ಒತ್ತಿ ಅಂದ್ರು, ನನಗೆ ಮನಸ್ಸು ಒಪ್ಪಲಿಲ್ಲ, ಮಗುವಿನ ಹೃದಯ ಶ್ವಾಸದ ವಿಷಯದಲ್ಲಿ ಸುಳ್ಳು ಬರೆದು ನಾಳೆ ಏನಾದ್ರೂ ಆದ್ರೆ? ಹೌದು ಅಂತಲೇ ಹಾಕಿದೆ.

ಹಾಕಿದ ಮೇಲೆ ಡಾಕ್ಟರ್ ಹುಡುಕಾಟ. ಹೊಸ ಪೇಶೆಂಟ್ ತಗೊಳಲ್ಲ ಅಂತ ಸುಮಾರು ಕಡೆ ಹೇಳಿದ್ರು, ಆ್ಯಪಲ್ಲಿ ನೋಡಿದ್ರೆ ಅಪಾಯಿಂಟ್‌ಮೆಂಟ್ ವಾರಗಟ್ಟಲೆ ಮುಂದೆ. ಸೆಪ್ಟೆಂಬರಲ್ಲಿ ಊರಿನ ಮಕ್ಕಳೆಲ್ಲ ಏನಾದ್ರೂ ಆಟಕ್ಕೆ ಸೇರೋ ಸಮಯ, ಡಾಕ್ಟರ್‌ಗಳ ಹತ್ರ ರಶ್ಶೋ ರಶ್ಶು. ಕೊನೆಗೆ ಮುನಿಸಿಪಾಲಿಟಿ ಹೆಲ್ತ್ ಸೆಂಟರಲ್ಲಿ ಬೆಳಿಗ್ಗೆ ಬೇಗ ಹೋಗಿ ಸಾಲಲ್ಲಿ ನಿಂತು ಸಿಕ್ತು. ಡಾಕ್ಟರಮ್ಮ ತಾಳ್ಮೆಯಿಂದ ನೋಡಿದ್ರು, ಮೂವತ್ತು ಸಲ ಬಸ್ಕಿ ಹೊಡೆಸಿ ನಾಡಿ ಎಣಿಸಿದ್ರು, ಬೆಂಗಳೂರು ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ ಇಂಗ್ಲಿಷಲ್ಲಿ ಇದ್ದಿದ್ದು ಬಹಳ ಉಪಯೋಗಕ್ಕೆ ಬಂತು. ಡಿಸ್ಚಾರ್ಜ್ ಸಮರಿ, ವ್ಯಾಕ್ಸಿನ್ ಕಾರ್ಡ್ ಎರಡನ್ನೂ ಹ್ಯಾಂಡ್ ಲಗೇಜಲ್ಲೇ ತನ್ನಿ. ಜನರಲ್ ಡಾಕ್ಟರ್ ಫೀಸ್ ಇಲ್ಲಿ 30 ಯೂರೋ. ಆಟದ ಸರ್ಟಿಫಿಕೇಟಿಗೆ ಅಂತಲೇ ಹೋದ್ರೆ ಸೋಶಿಯಲ್ ಸೆಕ್ಯುರಿಟಿಯಿಂದ ಆ ದುಡ್ಡು ವಾಪಸ್ ಬರಲ್ಲ.

ಫೀಸ್ ಕಟ್ಟೋದ್ರಲ್ಲೂ ಒಂದು ಸುತ್ತು ಆಯ್ತು. ನಮ್ಮ ಕ್ಲಬ್ಬಲ್ಲಿ ವರ್ಷಕ್ಕೆ 220 ಯೂರೋ, ಅದರಲ್ಲಿ ಲೈಸೆನ್ಸ್, ಇನ್ಶೂರೆನ್ಸ್, ಟ್ರ್ಯಾಕ್‌ಸೂಟ್, ಸಾಕ್ಸ್ ಎಲ್ಲಾ ಸೇರಿ. ಒಂದೇ ಸಲ ಕೊಡೋಕಾಗಲ್ಲ ಅನ್ನೋರಿಗೆ ಮೂರು ಚೆಕ್ ಬರೆಸ್ಕೊಂಡು ತಿಂಗಳಿಗೊಂದು ಬ್ಯಾಂಕಿಗೆ ಹಾಕ್ತಾರೆ, ಒಳ್ಳೆ ಪದ್ಧತಿ, ಆದ್ರೆ ಹೊಸದಾಗಿ ಬಂದವರ ಹತ್ರ ಚೆಕ್ ಬುಕ್ ಎಲ್ಲಿರುತ್ತೆ? ಆನ್‌ಲೈನ್ ಬ್ಯಾಂಕಲ್ಲಿ ಅಕೌಂಟ್ ತೆಗೆದಿದ್ವಿ, ಚೆಕ್ ಬುಕ್ ಕೊಡೋದೇ ಇಲ್ಲ. ಕ್ಯಾಶ್ ಕೊಡ್ತೀವಿ ಅಂತ ಕೇಳಿದ್ವಿ, ಖಜಾಂಚಿ ಕಾರ್ಬನ್ ಇಟ್ಟು ರಸೀದಿ ಬರೆದುಕೊಟ್ರು. ಆಟದ ಫೀಸಿಗೆ ಸರ್ಕಾರದ್ದು ಪಾಸ್ ಸ್ಪೋರ್ಟ್ (ಪಾಸ್‌ಪೋರ್ಟ್ ಅಲ್ಲ) ಅಂತ ಸಹಾಯ ಇದೆ ಅಂತ ಎಲ್ರೂ ಹೇಳ್ತಾರೆ, ಹಳೇ ಮಾಹಿತಿ ಅದು, 2025ರಲ್ಲಿ ನಿಯಮ ಬದಲಾಗಿ ಸಾಮಾನ್ಯವಾಗಿ 14 ವರ್ಷ ಆದ ಮಕ್ಕಳಿಗೆ, ಅದೂ ಕೆಲವು ಭತ್ಯೆ ಬರೋ ಮನೆಗಳಿಗೆ ಮಾತ್ರ. ಚಿಕ್ಕ ಮಕ್ಕಳಿದ್ರೆ ನಿಮ್ಮ ಮುನಿಸಿಪಾಲಿಟಿಯಲ್ಲಿ ಬೇರೆ ಏನಾದ್ರೂ ಇದ್ಯಾ ಅಂತ ವಿಚಾರಿಸಿ.

ಇಷ್ಟೆಲ್ಲ ಮಾಡಿ ಕಳಿಸಿದ್ಮೇಲೆ ಫೈಲ್ ವಾಪಸ್ ಬಂತು. ಕಾರಣ, ಮಗುವಿಗೂ ಅಪ್ಪ ಅಮ್ಮನಿಗೂ ಸಂಬಂಧ ಸಾಬೀತಾಗಿಲ್ಲ ಅಂತ.

ನಮ್ಮ ಕಡೆಯವರಿಗೆಲ್ಲ ಇರೋ ಸಮಸ್ಯೆನೇ ಇದು. ನಮ್ಮನೆಯವರ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗದಲ್ಲಿ ಅವರಪ್ಪನ ಹೆಸರು. ಮಗನ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗದಲ್ಲಿ ನಮ್ಮನೆಯವರ ಹೆಸರು. ನನ್ನದರಲ್ಲಿ ನಮ್ಮಪ್ಪನ ಹೆಸರು. ಒಂದೇ ಮನೆಯಲ್ಲಿ ಮೂರು ಜನಕ್ಕೆ ಮೂರು ಸರ್‌ನೇಮು. ನಮಗೆ ಇದು ಸಹಜ, ಇನಿಶಿಯಲ್ ಬಿಡಿಸಿ ಬರೆದ್ರೆ ಹೀಗೇ ಬರೋದು. ಇಲ್ಲಿನ ಲೆಕ್ಕದಲ್ಲಿ ಮಗುವಿಗೆ ಅಪ್ಪಂದೋ ಅಮ್ಮಂದೋ ಮನೆತನದ ಹೆಸರು ಇರ್ಬೇಕು, ಇಲ್ಲಾಂದ್ರೆ ಈ ಮಗು ಯಾರದ್ದು ಅನ್ನೋ ಪ್ರಶ್ನೆ. ಆ ಮೇಲ್ ಓದಿದಾಗ ಹೊಟ್ಟೆಯಲ್ಲಿ ಏನೋ ಆಯ್ತು ನನಗೆ, ಹೆತ್ತ ಮಗನಿಗೆ ನಾನು ತಾಯಿ ಅಂತ ಫುಟ್ಬಾಲ್ ಆಡಿಸೋಕೆ ಸಾಬೀತು ಮಾಡ್ಬೇಕಲ್ಲ ಅಂತ. ಆದ್ರೆ ಯಾಕೆ ಕೇಳ್ತಾರೆ ಅಂತ ಆಮೇಲೆ ಅರ್ಥ ಆಯ್ತು, ಆ ಕಾರಣ ತಿಳಿದ್ಮೇಲೆ ಕೋಪ ಉಳಿಯಲಿಲ್ಲ.

ಇದಕ್ಕೆ ಪರಿಹಾರ ಬರ್ತ್ ಸರ್ಟಿಫಿಕೇಟ್, ಅದರ ಫ್ರೆಂಚ್ ಅನುವಾದ. ನಮ್ಮ ಬಿಬಿಎಂಪಿ ಸರ್ಟಿಫಿಕೇಟ್ ಕನ್ನಡ ಇಂಗ್ಲಿಷ್ ಎರಡರಲ್ಲೂ ಇರುತ್ತೆ, ತಂದೆ ತಾಯಿ ಹೆಸರು ಸ್ಪಷ್ಟವಾಗಿರುತ್ತೆ, ಅದು ಒಳ್ಳೇದೇ. ಅನುವಾದ ಮಾತ್ರ ಇಲ್ಲಿನ ಕೋರ್ಟಿನ ಪಟ್ಟಿಯಲ್ಲಿರೋ ಪ್ರಮಾಣಿತ ಅನುವಾದಕರೇ ಮಾಡ್ಬೇಕು, ಊರಲ್ಲಿ ನೋಟರಿ ಸೀಲ್ ಹಾಕಿಸ್ಕೊಂಡು ಬಂದಿದ್ದು ನಡೆಯಲ್ಲ. ನಮಗೆ ಪುಟಕ್ಕೆ 40 ಯೂರೋ ಆಯ್ತು. ಅಪೊಸ್ಟಿಲ್, ಅಂದ್ರೆ ಮೊದಲು ರಾಜ್ಯದ ಮಟ್ಟದಲ್ಲಿ ಅಟೆಸ್ಟ್ ಆಗಿ ಆಮೇಲೆ ವಿದೇಶಾಂಗ ಸಚಿವಾಲಯದವರು ಹಿಂದೆ ಅಂಟಿಸೋ ಸ್ಟಿಕ್ಕರ್, ಅದು ವೀಸಾ ಕೆಲಸಕ್ಕೆ ಅಂತ ಮೊದಲೇ ಮಾಡಿಸಿದ್ವಿ, ಇಲ್ಲಿ ಸ್ಕೂಲಿಗೂ ರೆಸಿಡೆನ್ಸ್ ಕಾರ್ಡಿಗೂ ಎಲ್ಲಕ್ಕೂ ಅದೇ ಕಾಪಿ ಬಳಸ್ತಿದೀವಿ. ಮಾಡಿಸದೆ ವಿಮಾನ ಹತ್ತಬೇಡಿ. ಜೊತೆಗೆ ನಮ್ಮ ಸೆಕ್ರೆಟರಿಯಮ್ಮ ಒಂದು ಉಪಾಯ ಹೇಳಿದ್ರು: ಸ್ಕೂಲಿಂದ ಕೊಡೋ ಸರ್ಟಿಫಿಕೇಟಲ್ಲಿ ಮಗುವಿನ ಜವಾಬ್ದಾರರು ಅಂತ ನಮ್ಮಿಬ್ಬರ ಹೆಸರು ಇರುತ್ತೆ, ಅದನ್ನೂ ಸೇರಿಸಿ, ಜೊತೆಗೆ ದಕ್ಷಿಣ ಭಾರತದಲ್ಲಿ ಹೆಸರಿಡೋ ಪದ್ಧತಿ ಹೀಗೆ ಅಂತ ನಾಲ್ಕು ಸಾಲಿನ ಪ್ರಮಾಣ ಪತ್ರ ಬರೆದು ಸೈನ್ ಹಾಕಿ ಅಂತ. ಆ ನಾಲ್ಕು ಸಾಲು ಅವರೇ ತಿದ್ದಿಕೊಟ್ರು. ಮೂರೂ ಒಟ್ಟಿಗೆ ಒಂದೇ ಪಿಡಿಎಫ್ ಮಾಡಿ ಹಾಕಿದ್ವಿ, ಆ ವಿಷಯ ಅಲ್ಲಿಗೆ ಮುಗೀತು.

ದೊಡ್ಡ ಗಂಟು ಇನ್ನೂ ಇತ್ತು. ಫಾರ್ಮಲ್ಲಿ ಬೇರೆ ದೇಶದಲ್ಲಿ ಯಾವ್ದಾದ್ರೂ ಕ್ಲಬ್ಬಿಗೆ ರಿಜಿಸ್ಟರ್ ಆಗಿದ್ರಾ ಅಂತ ಕೇಳ್ತಾರೆ. ಮಗ ಬೆಂಗಳೂರಲ್ಲಿ ಒಂದು ಅಕಾಡೆಮಿಯಲ್ಲಿದ್ದ, ಸುಮ್ನೆ ಪ್ರಾಕ್ಟೀಸ್ ಅಷ್ಟೇ ಆಗಿದ್ರೆ ರಿಜಿಸ್ಟರ್ ಆಗ್ತಿರಲಿಲ್ಲ, ಆದ್ರೆ ಯೂತ್ ಲೀಗಲ್ಲಿ ಆಡೋಕೆ ಅಂತ ಅವರು ಭಾರತದ ಫುಟ್ಬಾಲ್ ಫೆಡರೇಶನ್, ಅಂದ್ರೆ ಎಐಎಫ್ಎಫ್‌ನ ಆನ್‌ಲೈನ್ ರಿಜಿಸ್ಟ್ರೇಶನ್ ಸಿಸ್ಟಮ್ ಸಿಆರ್‌ಎಸ್‌ನಲ್ಲಿ ರಿಜಿಸ್ಟರ್ ಮಾಡಿಸಿ ಐಡಿ ಕೊಟ್ಟಿದ್ರು. ಅಲ್ಲಿಗೆ ಅವನು ಲೆಕ್ಕದಲ್ಲಿ ಭಾರತದ ಫೆಡರೇಶನ್ನಿನ ಆಟಗಾರ. ಹತ್ತು ವರ್ಷ ತುಂಬಿದ ಯಾವ ಆಟಗಾರ ದೇಶ ಬದಲಾಯಿಸಿದ್ರೂ ಇಂಟರ್‌ನ್ಯಾಶನಲ್ ಟ್ರಾನ್ಸ್‌ಫರ್ ಸರ್ಟಿಫಿಕೇಟ್ ಬೇಕು, ಮೊದಲು ಈ ವಯಸ್ಸು ಹನ್ನೆರಡು ಇತ್ತು, 2015ರಲ್ಲಿ ವಿಶ್ವ ಫುಟ್ಬಾಲ್ ಸಂಸ್ಥೆ ಫಿಫಾ ಹತ್ತಕ್ಕೆ ಇಳಿಸ್ತು. ಇದನ್ನ ನಾವು ತರೋಕಾಗಲ್ಲ, ಫ್ರೆಂಚ್ ಫೆಡರೇಶನ್ ಭಾರತದ ಫೆಡರೇಶನ್ನಿಗೆ ಕೇಳಬೇಕು, ಅವರು ಕೊಡಬೇಕು, ಮಧ್ಯದಲ್ಲಿ ನಮಗೆ ಮಾಡೋಕೆ ಏನೂ ಕೆಲಸ ಇಲ್ಲ, ಕಾಯೋದು.

ಇದರ ಮೇಲೆ ಫಿಫಾದ ಇನ್ನೊಂದು ನಿಯಮ: 18 ತುಂಬದ ಮಕ್ಕಳು ದೇಶದಿಂದ ದೇಶಕ್ಕೆ ಟ್ರಾನ್ಸ್‌ಫರ್ ಆಗೋ ಹಾಗೇ ಇಲ್ಲ. ವಿನಾಯಿತಿ ಇರೋದು ಕೆಲವು ಸಂದರ್ಭಕ್ಕೆ, ಅದರಲ್ಲಿ ಮುಖ್ಯವಾದ್ದು ಅಪ್ಪ ಅಮ್ಮ ಫುಟ್ಬಾಲಿಗೆ ಸಂಬಂಧ ಇಲ್ಲದ ಕಾರಣಕ್ಕೆ ಆ ದೇಶಕ್ಕೆ ಬಂದಿದ್ರೆ. ಹಾಗಾಗಿ ನಮ್ಮನೆಯವರ ಕೆಲಸದ ಕಾಂಟ್ರಾಕ್ಟ್, ಸಂಬಳದ ಚೀಟಿ, ರೆಸಿಡೆನ್ಸ್ ಕಾರ್ಡ್ ಎಲ್ಲಾ ಕೊಡಬೇಕಾಯ್ತು. ಈ ನಿಯಮ ಯಾಕಿದೆ ಗೊತ್ತಾ? ಆಫ್ರಿಕಾದ ಬಡ ಮನೆ ಮಕ್ಕಳನ್ನ ದೊಡ್ಡ ಕ್ಲಬ್ಬಿಗೆ ಸೇರಿಸ್ತೀವಿ ಅಂತ ನಂಬಿಸಿ, ಮನೆಯವರ ಹತ್ರ ದುಡ್ಡು ಕಿತ್ಕೊಂಡು, ಯೂರೋಪಿಗೆ ತಂದು ಬಿಟ್ಟು ಮಾಯ ಆಗೋ ನಕಲಿ ಏಜೆಂಟ್‌ಗಳ ದಂಧೆ ವರ್ಷಗಟ್ಟಲೆ ನಡೀತು. ಪ್ಯಾರಿಸ್ ಬೀದಿಯಲ್ಲಿ ಅನಾಥವಾಗಿ ಉಳಿದ ಹುಡುಗರು ಎಷ್ಟೋ ಜನ. ನಮ್ಮ ಕ್ಲಬ್ಬಿನ ಒಬ್ಬ ಕೋಚ್ ಮಾಲಿ ದೇಶದವರು, ಅವರು ಇದನ್ನ ಹೇಳುವಾಗ ಮಾತು ನಿಧಾನ ಆಯ್ತು, ಇಂಥ ಹುಡುಗರನ್ನ ಕಣ್ಣಾರೆ ಕಂಡವರು. ಈ ಮಗು ಯಾರದ್ದು, ಯಾರ ಜೊತೆ ಬಂದಿದೆ ಅಂತ ಕೇಳೋದು ಅದಕ್ಕೆ. ಇನ್ನೊಂದು ಕಾರಣ ದುಡ್ಡಿನ ಲೆಕ್ಕ: ಮುಂದೆ ಹುಡುಗ ದೊಡ್ಡ ಆಟಗಾರ ಆದ್ರೆ ಟ್ರಾನ್ಸ್‌ಫರ್ ದುಡ್ಡಲ್ಲಿ 5 ಪರ್ಸೆಂಟ್ ತನಕ ಅವನನ್ನ 12ರಿಂದ 23ರ ವಯಸ್ಸಲ್ಲಿ ತಯಾರು ಮಾಡಿದ ಕ್ಲಬ್‌ಗಳಿಗೆ ಹಂಚಬೇಕು, ಅದಕ್ಕೆ ಯಾವ ವರ್ಷ ಎಲ್ಲಿದ್ದ ಅನ್ನೋ ದಾಖಲೆ ಬೇಕು. ಎಂಬಪೆ ಶುರು ಮಾಡಿದ್ದು ಇದೇ ನಮ್ಮ ಸೆನ್-ಸ್ಯಾಂ-ದನಿ ಜಿಲ್ಲೆಯ ಬೋಂಡಿ ಅನ್ನೋ ಊರಿನ ಅಮೆಚೂರ್ ಕ್ಲಬ್ಬಲ್ಲಿ, ಅಲ್ಲಿ ಅವರಪ್ಪನೇ ಕೋಚ್. ಚಿಕ್ಕ ಕ್ಲಬ್ಬಿಗೆ ಒಂದು ಹುಡುಗನ ದಾಖಲೆ ಸರಿಯಿದ್ರೆ ಮುಂದೆ ಅದರಿಂದ ಗ್ರೌಂಡೇ ರಿಪೇರಿ ಆಗಬಹುದು.

ಕಾಯೋ ದಿನಗಳು ನಿಜವಾಗಿ ಕಷ್ಟ ಆಗಿದ್ದು ಮಗನಿಗೆ. ಬುಧವಾರ ಶುಕ್ರವಾರ ಪ್ರಾಕ್ಟೀಸಿಗೆ ಕೋಚ್ ಬರೋಕೆ ಬಿಟ್ರು, ನಾವು ಬೇರೆ ಇನ್ಶೂರೆನ್ಸ್ ಕಾಗದ ಕೊಟ್ವಿ. ಶನಿವಾರ ಮ್ಯಾಚಿಗೆ ಮಾತ್ರ ಟ್ರ್ಯಾಕ್‌ಸೂಟ್ ಹಾಕ್ಕೊಂಡು ಲೈನ್ ಹೊರಗೆ ನಿಂತ್ಕೊಂಡು ಬಾಟಲ್ ಕೊಡೋದು, ಬಾಲ್ ತಂದು ಕೊಡೋದು. ಭಾಷೆ ಬರದ ಊರಲ್ಲಿ ಅವನು ಮಾತಾಡ್ತಿದ್ದದ್ದೇ ಕಾಲಲ್ಲಿ, ಅದೂ ಇಲ್ಲ ಅಂದ್ರೆ ಏನು ಮಾಡ್ತಾನೆ. ಒಂದು ಶನಿವಾರ ಮನೆಗೆ ಬಂದು, ಅಮ್ಮ ನಾನು ಇಂಡಿಯಾದವನು ಅಂತ ಆಡಿಸ್ತಿಲ್ವಾ ಅಂತ ಕೇಳಿದ. ಕೂರಿಸ್ಕೊಂಡು ಎಲ್ಲಾ ವಿವರಿಸಿದೆ, ಅವನ ಟೀಮಲ್ಲೇ ಐವರಿ ಕೋಸ್ಟ್, ಪೋರ್ಚುಗಲ್, ಶ್ರೀಲಂಕಾ ಮನೆಗಳ ಮಕ್ಕಳಿದ್ದಾರೆ ಅಂತ ತೋರಿಸಿದೆ. ಮಕ್ಕಳಿಗೆ ಈ ಪ್ರೊಸೆಸ್ ಮೊದಲೇ ಹೇಳಿಬಿಡಿ ದಯವಿಟ್ಟು, ಅವರು ಮನಸ್ಸಲ್ಲಿ ಬೇರೆನೇ ಕಟ್ಕೊಂಡಿರ್ತಾರೆ.

ಆಗ ಮಾಲಿಯ ಕೋಚ್ ಸರ್ರೇ ಹೇಳಿದ್ದು, ಇವನನ್ನ ಬೋಯೆರ್‌ಗೆ ಕರ್ಕೊಂಡು ಹೋಗಿ ಅಂತ. ಬೋಯೆರ್ ಅಂದ್ರೆ ರೆಡ್ ಸ್ಟಾರ್ ಸ್ಟೇಡಿಯಂ, ನಮ್ಮ ಮುನಿಸಿಪಾಲಿಟಿ ಮೆಟ್ರೋ ಸ್ಟೇಶನ್ನಿಂದ ನಡ್ಕೊಂಡೇ ಹೋಗ್ಬಹುದು. ಲೀಗ್ 2 ಮ್ಯಾಚ್, ಶುಕ್ರವಾರ ಸಂಜೆ. ಟಿಕೆಟ್ ಆನ್‌ಲೈನಲ್ಲೇ ಮುಂಚೆ ತಗೊಳ್ಳಿ, ಗೇಟಲ್ಲಿ ನೆಚ್ಕೊಂಡು ಹೋಗ್ಬೇಡಿ.

ಈ ಕ್ಲಬ್ಬಿನ ಹಿನ್ನೆಲೆ ಕೇಳಿದ್ರೆ ಆಶ್ಚರ್ಯ ಆಗುತ್ತೆ. 1897ರಲ್ಲಿ ಇದನ್ನ ಕಟ್ಟಿದ್ದು ಇನ್ನೂ 25 ತುಂಬದ ಜೂಲ್ ರಿಮೆ ಅನ್ನೋ ಹುಡುಗ, ಅವರೇ ಮುಂದೆ 1921ರಿಂದ 1954ರ ತನಕ ಫಿಫಾ ಅಧ್ಯಕ್ಷರಾಗಿ ವರ್ಲ್ಡ್ ಕಪ್ ಶುರು ಮಾಡಿದ್ದು, ಮೊದಲ ವರ್ಲ್ಡ್ ಕಪ್ ಟ್ರೋಫಿಗೆ ಅವರದ್ದೇ ಹೆಸರು. 1909ರಿಂದ ಇದೇ ಜಾಗದಲ್ಲಿ ಆಟ. ಫ್ರೆಂಚ್ ಕಪ್ಪನ್ನ 1921, 22, 23 ಸಾಲಾಗಿ ಮೂರು ವರ್ಷ, ಆಮೇಲೆ 1928 ಮತ್ತೆ 1942ರಲ್ಲಿ, ಒಟ್ಟು ಐದು ಸಲ ಗೆದ್ದಿದ್ದಾರೆ. ಟಾಪ್ ಡಿವಿಷನ್ನಲ್ಲಿ ಕಡೇ ಸಲ ಆಡಿದ್ದು 1974-75ರಲ್ಲಿ. ಆಮೇಲೆ ಏಳುಬೀಳು, ದಿವಾಳಿ, ತೀರಾ ಕೆಳಗಿನ ಡಿವಿಷನ್ನುಗಳು, 2015ರಲ್ಲಿ ಲೀಗ್ 2ಗೆ ಏರಿದಾಗ ಸ್ಟೇಡಿಯಂ ಲೀಗಿನ ಅಳತೆಗೆ ಇಲ್ಲ ಅಂತ ತಮ್ಮದೇ ಊರಲ್ಲಿ ಆಡೋಕಾಗದೆ ದೂರದ ಬೋವೆಗೆ ಹೋಗಿ ಆಡಬೇಕಾಯ್ತು. ಊರಿನ ಜನ ಸ್ಟೇಡಿಯಂ ಇಲ್ಲೇ ಇರ್ಬೇಕು ಅಂತ ವರ್ಷಗಟ್ಟಲೆ ಹೋರಾಡಿದ್ರು. ಈಗ ಅದೇ ಜಾಗದಲ್ಲಿ ಸುಮಾರು 10,000 ಜನಕ್ಕೆ ಆಗೋ ಹಾಗೆ ಕಟ್ಟಿಸ್ತಿದ್ದಾರೆ. 2022ರಲ್ಲಿ ಅಮೆರಿಕದ ಇನ್ವೆಸ್ಟ್‌ಮೆಂಟ್ ಕಂಪನಿ 777 ಪಾರ್ಟ್‌ನರ್ಸ್ ಕೊಂಡ್ಕೊಂಡಾಗಲೂ ಸಪೋರ್ಟರ್‌ಗಳು ವಿರೋಧ ಮಾಡಿದ್ರು. 2024ರಲ್ಲಿ ಮೂರನೇ ಮೆಟ್ಟಿಲಾದ ನ್ಯಾಶನಲ್‌ನಲ್ಲಿ ಚಾಂಪಿಯನ್ ಆಗಿ ಮತ್ತೆ ಲೀಗ್ 2ಗೆ ಬಂದ್ರು.

ನನಗೆ ಎಲ್ಲಕ್ಕಿಂತ ಮನಸ್ಸಿಗೆ ತಟ್ಟಿದ್ದು ಒಂದು ಸ್ಟ್ಯಾಂಡಿನ ಹೆಸರು, ರಿನೊ ದೆಲ್ಲಾ ನೆಗ್ರಾ. ಇಟಲಿಯಿಂದ ವಲಸೆ ಬಂದ ಕೂಲಿ ಮನೆಯ ಹುಡುಗ, ರೆಡ್ ಸ್ಟಾರ್ ಆಟಗಾರ, ನಾಜಿಗಳ ವಿರುದ್ಧ ಗುಟ್ಟಾಗಿ ಹೋರಾಡಿದ ಮನೂಷಿಯನ್ ಗುಂಪಿನವನು. 1944ರ ಫೆಬ್ರವರಿ 21ರಂದು ಗುಂಡಿಟ್ಟು ಕೊಂದ್ರು, ಆಗ ಅವನಿಗೆ 20 ವರ್ಷ. ಸಾಯೋಕೆ ಮುಂಚೆ ತಮ್ಮನಿಗೆ ಬರೆದ ಪತ್ರದಲ್ಲಿ ರೆಡ್ ಸ್ಟಾರಿನ ಎಲ್ಲರಿಗೂ ನಮಸ್ಕಾರ ಹೇಳು ಅಂತ ಬರೆದಿದ್ದ. ಮಗನಿಗೆ ಇದನ್ನ ಹೇಳಿದಾಗ ಅವನು ಕೇಳಿದ್ದು ಒಂದೇ, ಅವನಿಗೆ ಲೈಸೆನ್ಸ್ ಇತ್ತಾ ಅಂತ. ವಲಸೆ ಬಂದ ಮನೆಗಳ ಮಕ್ಕಳೂ ಆಡಿ ಬೆಳೆಸಿದ ಕ್ಲಬ್ಬು ಇದು ಅಂತ ಅವನಿಗೆ ಆವತ್ತು ಗೊತ್ತಾಯ್ತು, ಮಾರನೇ ಶನಿವಾರ ಬಾಟಲ್ ಹಿಡ್ಕೊಂಡು ನಿಲ್ಲೋಕೆ ಬೇಜಾರಿಲ್ಲದೆ ಹೋದ. ಸ್ಟೇಡಿಯಂ ಒಳಗೆ ವಾತಾವರಣ ಬಹಳ ಚೆನ್ನಾಗಿದೆ, ಅಜ್ಜಂದಿರು ಮೊಮ್ಮಕ್ಕಳ ಜೊತೆ ಬಂದಿರ್ತಾರೆ, ಪಕ್ಕದ ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದಲೇ ಕೆಲವರು ನೋಡ್ತಾರೆ. ಸಸ್ಯಾಹಾರಿಗಳಿಗೆ ಫ್ರೆಂಚ್ ಫ್ರೈಸ್ ಬಿಟ್ರೆ ಹೆಚ್ಚೇನೂ ಸಿಗಲ್ಲ, ಹೊಟ್ಟೆ ತುಂಬಿಸ್ಕೊಂಡೇ ಹೋಗಿ.

ಅಷ್ಟರಲ್ಲಿ ಟ್ರಾನ್ಸ್‌ಫರ್ ಸರ್ಟಿಫಿಕೇಟ್ ವಿಷಯ ನಿಂತುಹೋಗಿತ್ತು. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಸೆಕ್ರೆಟರಿಯಮ್ಮ ಪ್ರತಿ ಬುಧವಾರ ಕಂಪ್ಯೂಟರ್ ನನ್ನ ಕಡೆ ತಿರುಗಿಸಿ ತೋರಿಸೋರು, ಹಳದಿ ಬಣ್ಣದಲ್ಲಿ ಕಾಯುತ್ತಿದೆ ಅಂತ. ಕೊನೆಗೆ ಗೊತ್ತಾಗಿದ್ದು, ಅಕಾಡೆಮಿಯವರು ರಿಜಿಸ್ಟರ್ ಮಾಡಿಸುವಾಗ ಪಾಸ್‌ಪೋರ್ಟ್ ನೋಡದೆ ಆಧಾರ್‌ನಲ್ಲಿದ್ದ ಹಾಗೆ ಹೆಸರಿನ ಮುಂದೆ ಬರೀ ಇನಿಶಿಯಲ್ ಹಾಕಿದ್ರು, ಹುಟ್ಟಿದ ದಿನಾಂಕದಲ್ಲಿ ದಿನ ತಿಂಗಳು ಅದಲುಬದಲು. ಈ ಕಡೆಯಿಂದ ಹುಡುಕಿದ ಹೆಸರಿಗೆ ಆ ಕಡೆ ಯಾರೂ ಸಿಗ್ತಿರಲಿಲ್ಲ. ಅಕಾಡೆಮಿಗೆ ಮೇಲ್ ಮಾಡಿದ್ರೆ ಉತ್ತರ ಇಲ್ಲ, ಫೋನ್ ತೆಗೆಯಲ್ಲ, ಬಾಣಸವಾಡಿ ಕಡೆ ಇರೋ ನಮ್ಮಣ್ಣನಿಗೆ ಹೇಳಿದೆ, ಪಾಪ ಆಫೀಸ್ ಬಿಟ್ಟು ಟ್ರಾಫಿಕ್ಕಲ್ಲಿ ಗ್ರೌಂಡಿಗೆ ಹೋಗಿ, ಅಲ್ಲಿ ಹಳೇ ಕೋಚ್ ಸಿಕ್ಕಿ, ಅವರ ಎದುರಿಗೇ ಕೂತು ತಿದ್ದುಪಡಿಗೆ ಪಾಸ್‌ಪೋರ್ಟ್ ಕಾಪಿ ಹಾಕಿಸಿ, ಅಕಾಡೆಮಿ ಲೆಟರ್‌ಹೆಡ್ಡಲ್ಲಿ ನಮ್ಮ ಕಡೆಯಿಂದ ಯಾವ ಆಕ್ಷೇಪಣೆ ಇಲ್ಲ, ಫೀಸ್ ಬಾಕಿ ಇಲ್ಲ ಅಂತ ಪತ್ರ ಬರೆಸ್ಕೊಂಡು ಕಳಿಸಿದ. ಆ ಹಳೇ ಕೋಚ್ ಮಗನಿಗೆ ವಾಯ್ಸ್ ಮೆಸೇಜೂ ಕಳಿಸಿದ್ರು, ಚೆನ್ನಾಗಿ ಆಡು ಕಣೋ, ಎಡಗಾಲು ಬಿಡಬೇಡ ಅಂತ. ಅದನ್ನ ಎಷ್ಟು ಸಲ ಕೇಳಿದ್ದಾನೋ.

ಹೆಸರು ಸರಿಯಾದ ಮೇಲೆ ಬೇಗನೆ ಆಯ್ತು. ಸರ್ಟಿಫಿಕೇಟ್ ಬಂತು, ವಿನಾಯಿತಿ ಓಕೆ ಆಯ್ತು, ಲೈಸೆನ್ಸ್ ಹಸಿರಾಯ್ತು. ಸರ್ಟಿಫಿಕೇಟಿಗೆ ನಾವು ಯಾರಿಗೂ ದುಡ್ಡು ಕೊಟ್ಟಿಲ್ಲ, ಮಾಡಿಸಿಕೊಡ್ತೀವಿ ಅಂತ ಯಾರಾದ್ರೂ ಏಜೆಂಟ್ ದುಡ್ಡು ಕೇಳಿದ್ರೆ ನಂಬಬೇಡಿ, ಅದು ಫೆಡರೇಶನ್ ಫೆಡರೇಶನ್ ಮಧ್ಯೆ ಆಗೋ ಕೆಲಸ. ನಮಗೆ ಒಟ್ಟು ಖರ್ಚು ಅಂದ್ರೆ ಕ್ಲಬ್ ಫೀಸ್ 220, ಅನುವಾದ ಎರಡು ಪುಟಕ್ಕೆ 80, ಡಾಕ್ಟರ್ 30, ಆಮೇಲೆ ಶೂ. ಶೂ ವಿಷಯ ಹೇಳ್ಬೇಕು, ಇಲ್ಲಿ ಊರೊಳಗಿನ ಗ್ರೌಂಡೆಲ್ಲ ಹೆಚ್ಚಾಗಿ ಸಿಂಥೆಟಿಕ್ ಹುಲ್ಲು, ಕಬ್ಬಿಣದ ಸ್ಟಡ್ ಇರೋದು ನಡೆಯಲ್ಲ, ರಬ್ಬರ್ ಸ್ಟಡ್ ತಗೊಳ್ಳಿ, ಶಿನ್ ಗಾರ್ಡ್ ಕಡ್ಡಾಯ.

ಶನಿವಾರ ಅವನು ಮೊದಲ ಮ್ಯಾಚ್ ಆಡಿದ, ಲೆಫ್ಟ್ ಬ್ಯಾಕ್. 4-1 ಸೋತ್ರು. ಸೋತಿದ್ದಕ್ಕೆ ಯಾರೂ ಬೈಲಿಲ್ಲ, ಕೋಚ್ ಎಲ್ಲರನ್ನೂ ಸುತ್ತ ನಿಲ್ಲಿಸಿ ಎದುರು ಟೀಮಿಗೆ ಕೈ ಕೊಟ್ಟು ಬನ್ನಿ ಅಂದ್ರು ಅಷ್ಟೇ. ಆಮೇಲೆ ತಿಳಿದ ವಿಷಯ, ಇನ್ಮೇಲೆ ನಮ್ಮ ಕೆಲಸವೂ ಶುರು: ಬೇರೆ ಊರಲ್ಲಿ ಮ್ಯಾಚ್ ಇದ್ರೆ ಅಪ್ಪ ಅಮ್ಮಂದಿರು ಸರದಿ ಮೇಲೆ ಕಾರಲ್ಲಿ ಮಕ್ಕಳನ್ನ ಕರ್ಕೊಂಡು ಹೋಗ್ಬೇಕು, ಕಾರಿಲ್ಲದವರು ತಿಂಡಿ ತರ್ತಾರೆ, ಜರ್ಸಿ ಮೂಟೆ ಒಂದೊಂದು ವಾರ ಒಂದೊಂದು ಮನೆಯಲ್ಲಿ ಒಗೆದು ತರ್ಬೇಕು. ಈ ವಾರ ಜರ್ಸಿ ನಮ್ಮನೆಯಲ್ಲಿ, ನಂಬರ್ 2ರಿಂದ 14ರ ತನಕ ಬಾಲ್ಕನಿಯಲ್ಲಿ ಒಣಗ್ತಿದೆ. ಮುಂದಿನ ವಾರದ ತಿಂಡಿಗೆ ನಿಂಬೆಹಣ್ಣು ಚಿತ್ರಾನ್ನ ಒಪ್ಕೊಂಡಿದೀನಿ, ಖಾರ ಕಮ್ಮಿ ಹಾಕ್ತೀನಿ.

ಬರೋ ಮುಂಚೆ ಊರಲ್ಲೇ ಮುಗಿಸ್ಕೊಳ್ಳಬೇಕಾದ್ದು ಮರೀಬೇಡಿ: ಬರ್ತ್ ಸರ್ಟಿಫಿಕೇಟ್ ಅಪೊಸ್ಟಿಲ್, ಮಗು ಲೀಗ್ ಆಡಿದ್ರೆ ಸಿಆರ್‌ಎಸ್ ಐಡಿಯಲ್ಲಿ ಹೆಸರು, ಹುಟ್ಟಿದ ದಿನಾಂಕ ಪಾಸ್‌ಪೋರ್ಟಿನ ಪ್ರಕಾರ ಅಕ್ಷರ ಅಕ್ಷರ ಸರಿಯಿದ್ಯಾ ಅಂತ ನೋಡಿ ತಿದ್ದಿಸೋದು, ಅಕಾಡೆಮಿಯಿಂದ ಬಾಕಿ ಇಲ್ಲ ಅನ್ನೋ ಪತ್ರ. ಮಗುವಿಗೆ ಇನ್ನೂ ಹತ್ತು ತುಂಬಿಲ್ಲ ಅಂದ್ರೆ ಟ್ರಾನ್ಸ್‌ಫರ್ ಸರ್ಟಿಫಿಕೇಟ್ ತಲೆನೋವು ಇಲ್ಲ, ಸೇರಿಸೋದಿದ್ರೆ ಆಗಲೇ ಸೇರಿಸಿ. ಮುಂದಿನ ಸೀಸನ್ನಿಗೆ ರಿನ್ಯೂ ಮಾಡೋದು ಸುಲಭ ಅಂತ ಸೆಕ್ರೆಟರಿಯಮ್ಮ ಹೇಳಿದ್ದಾರೆ, ಜೂನ್ ಹೊತ್ತಿಗೆ ಲಿಂಕ್ ಕಳಿಸ್ತಾರಂತೆ, ಪಾಸ್‌ಪೋರ್ಟ್ ಅವಧಿ ಮುಗಿದಿರಬಾರದು ಅಷ್ಟೇ. ಯಾರಿಗಾದ್ರೂ ಹೆಸರಿನ ಪ್ರಮಾಣ ಪತ್ರದ ಆ ನಾಲ್ಕು ಸಾಲು ಫ್ರೆಂಚಲ್ಲಿ ಬೇಕಿದ್ರೆ ಕೇಳಿ, ಕಳಿಸ್ತೀನಿ.